ಚಳಿಗಾಲದ ಬೈಸಿಕಲ್ಲು



ನಮ್ಮ ಮುಂಬಯಿಯಲ್ಲಿ ಚಳಿಗಾಲವೆಂದರೆ ಬೈಸಿಕಲ್ಲಿಗೆ ಸುಗ್ಗಿಯ ಕಾಲ. ಡಿಸೆಂಬರಿನ ಮುಂಜಾವಿನಲ್ಲಿ ಬೀದಿಗಳು ಒಣಗಿರುತ್ತವೆ, ಗಾಳಿ ತಂಪಾಗಿರುತ್ತದೆ, ಪೆಡಲು ತುಳಿದಷ್ಟೂ ಮೈಗೆ ಹುರುಪು ಬರುತ್ತದೆ. ಆದರೆ ಅದೇ ದಿನ ಇಂಗ್ಲೆಂಡಿನ ಒಂದು ಊರಿನಲ್ಲಿ ಬೈಸಿಕಲ್ಲನ್ನು ಹೊರಗೆ ತೆಗೆಯುವವನ ಪಾಡನ್ನು ಕೊಂಚ ಊಹಿಸಿಕೊಳ್ಳಿರಿ. ಬೆಳಗಿನ ಏಳೂವರೆಯಾದರೂ ಸೂರ್ಯನ ಸುಳಿವಿಲ್ಲ. ಲಂಡನ್ ನಗರದಲ್ಲಿ ಡಿಸೆಂಬರಿನ ನಡುವೆ ಸೂರ್ಯೋದಯವಾಗುವುದು ಎಂಟು ಗಂಟೆಯ ಸುಮಾರಿಗೆ. ಸೂರ್ಯಾಸ್ತವಾಗುವುದು ಮಧ್ಯಾಹ್ನ ನಾಲ್ಕಕ್ಕೂ ಮುಂಚೆ. ಬೀದಿಯೆಲ್ಲ ತೇವ. ತೇವದ ಮೇಲೆ ಕೊಳೆತ ಎಲೆ, ಮಣ್ಣು, ಸಣ್ಣ ಹರಳುಗಲ್ಲು. ಅವುಗಳೊಡನೆ, ನಮಗೆ ಆಶ್ಚರ್ಯವೆನಿಸುವ ಇನ್ನೊಂದು ವಸ್ತು: ಉಪ್ಪು.

ಇಷ್ಟಾದರೂ ಅಲ್ಲಿಯ ಸವಾರರು ಬೈಸಿಕಲ್ಲನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂಡುವುದಿಲ್ಲ. ಕೆಲಸಕ್ಕೆ ಹೋಗುವವರು ಹೋಗುತ್ತಾರೆ. ಸೈಕಲ್ ಸಂಘಗಳ ಸದಸ್ಯರು ಭಾನುವಾರಗಳಂದು ಗುಂಪು ಕಟ್ಟಿಕೊಂಡು ಹಳ್ಳಿಗಾಡಿಗೆ ಸವಾರಿ ಹೊರಡುತ್ತಾರೆ. ಆದರೆ ಅವರಲ್ಲಿ ಅನೇಕರು ಬೇಸಗೆಯಲ್ಲಿ ಬಳಸುವ ಹಗುರವಾದ, ಮಿರುಗುವ ಬೈಸಿಕಲ್ಲನ್ನು ಆಗ ಮುಟ್ಟುವುದಿಲ್ಲ. ಚಳಿಗಾಲಕ್ಕೆಂದೇ ಇನ್ನೊಂದನ್ನು ಕಟ್ಟಿ ಇಟ್ಟಿರುತ್ತಾರೆ. ಅದಕ್ಕೆ ಹೊಸ ಸಾಮಾನುಗಳೇ ಬೇಕೆಂದಿಲ್ಲ. ಹಳೆಯ ಚೌಕಟ್ಟು, ಬೇಸಗೆಯ ಬೈಸಿಕಲ್ಲಿನಿಂದ ಬಿಚ್ಚಿದ ಸಾಮಾನುಗಳು, ದಪ್ಪ ಟಯರು, ಉದ್ದನೆಯ ಮಡ್‌ಗಾರ್ಡು: ಇವೇ ಅದರ ಅಂಗಗಳು. ನೋಡಲು ಅಂದವಿಲ್ಲ, ತೂಕವೂ ಹೆಚ್ಚು. ಆದರೆ ಮಾರ್ಚಿ ತಿಂಗಳವರೆಗೆ ಒಡೆಯನನ್ನು ಮೋಸಗೊಳಿಸದೆ ಹೊತ್ತುಕೊಂಡು ಹೋಗುವುದು ಅದೇ.

ಈ ಬೈಸಿಕಲ್ಲನ್ನು ಹೇಗೆ ಕಟ್ಟುತ್ತಾರೆ, ಹೇಗೆ ಕಾಪಾಡುತ್ತಾರೆ ಎಂಬುದೇ ಇಂದಿನ ಪಾಠ. ಹಿಮವನ್ನೇ ಕಾಣದ ನಮಗೆ ಇದರಿಂದ ಏನು ಪ್ರಯೋಜನವೆಂದು ಕೇಳುವಿರೋ? ತಾಳಿರಿ, ಕೊನೆಯಲ್ಲಿ ಹೇಳುವೆನು.

ಬೀದಿಗೆ ಉಪ್ಪೇಕೆ?

ಶುದ್ಧವಾದ ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆಂಬುದನ್ನು ನೀವು ಬಲ್ಲಿರಿ. ಆ ನೀರಿನಲ್ಲಿ ಉಪ್ಪು ಕರಗಿದರೆ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ. ದ್ರಾವಣದಲ್ಲಿ ಉಪ್ಪು ತೂಕದಿಂದ ನೂರಕ್ಕೆ ೨೩ ಭಾಗದಷ್ಟಾದಾಗ, ಸೊನ್ನೆಗಿಂತ ಸುಮಾರು ೨೧ ಡಿಗ್ರಿ ಕೆಳಗಿನವರೆಗೂ ಅದು ದ್ರವವಾಗಿಯೇ ಉಳಿಯಬಲ್ಲದು. ನಮ್ಮ ಬೀದಿಯ ಕುಲ್ಫಿಯವನು ಮಡಕೆಯೊಳಗಿನ ಮಂಜುಗಡ್ಡೆಗೆ ಉಪ್ಪನ್ನು ಬೆರೆಸುವುದೂ ಇದೇ ತತ್ತ್ವವನ್ನು ಅನುಸರಿಸಿಯೇ. ಬೀದಿಯ ಮೇಲೆ ನೀರು ಹೆಪ್ಪುಗಟ್ಟಿ ಗಾಜಿನಂತಾದರೆ ಬಸ್ಸು ಕಾರುಗಳೆಲ್ಲ ಜಾರುವ ಅಪಾಯವುಂಟು. ಆದುದರಿಂದ ಚಳಿ ಬಲಿಯುವ ರಾತ್ರಿಗಳಲ್ಲಿ ಅಲ್ಲಿಯ ಅಧಿಕಾರಿಗಳು ಲಾರಿಗಳ ಮೂಲಕ ಹೆದ್ದಾರಿಗಳಿಗೆ ಉಪ್ಪು ಎರಚಿಸುತ್ತಾರೆ. ಅದು ಸಮುದ್ರದ ಉಪ್ಪಲ್ಲ. ನೆಲದೊಳಗಿನ ಗಣಿಯಿಂದ ಅಗೆದು ತೆಗೆದದ್ದು. ಚೆಷೈರ್ ಪ್ರಾಂತದ ವಿನ್ಸ್‌ಫರ್ಡ್ ಎಂಬಲ್ಲಿ ೧೮೪೪ರಲ್ಲಿ ಆರಂಭವಾದ ಇಂಥ ಒಂದು ಪ್ರಸಿದ್ಧ ಗಣಿಯಿದೆ.

ಮನುಷ್ಯನ ಪ್ರಾಣವನ್ನು ಉಳಿಸುವ ಈ ಉಪ್ಪು ಬೈಸಿಕಲ್ಲಿಗೆ ಶತ್ರು. ಕಬ್ಬಿಣವು ತುಕ್ಕು ಹಿಡಿಯಬೇಕಾದರೆ ನೀರು ಬೇಕು, ಗಾಳಿಯಲ್ಲಿನ ಆಮ್ಲಜನಕವೂ ಬೇಕು. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿನ ಕ್ರಿಯೆ ಬಹು ಬೇಗ ಸಾಗುತ್ತದೆ. ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮೂರು ಕಬ್ಬಿಣದ ಮೊಳೆಗಳನ್ನು ಮೂರು ಲೋಟಗಳಲ್ಲಿಡಿರಿ. ಮೊದಲನೆಯದು ಒಣ ಲೋಟ. ಎರಡನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನಲ್ಲಿಯ ನೀರು. ಮೂರನೆಯದರಲ್ಲಿ ಅಷ್ಟೇ ಉಪ್ಪುನೀರು. ಒಂದು ವಾರ ಬಿಟ್ಟು ನೋಡಿದರೆ ನಾನು ಹೇಳಬೇಕಾದುದನ್ನೆಲ್ಲ ಆ ಮೊಳೆಗಳೇ ಹೇಳುತ್ತವೆ.

ಕಟ್ಟುವ ಬಗೆ

ಮೊದಲನೆಯದು ಚೌಕಟ್ಟು. ಸ್ಪರ್ಧೆಯ ಬೈಸಿಕಲ್ಲಿನಲ್ಲಿ ಟಯರಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಎಡೆಯೂ ಇರುವುದಿಲ್ಲ. ಚಳಿಗಾಲದ ಬೈಸಿಕಲ್ಲಿಗಾದರೋ ದಪ್ಪ ಟಯರು, ಅದರ ಮೇಲೆ ಮಡ್‌ಗಾರ್ಡು, ಇವೆರಡರ ನಡುವೆ ಕೆಸರು ಸಿಕ್ಕಿಕೊಳ್ಳದಷ್ಟು ಅಂತರ, ಇವೆಲ್ಲಕ್ಕೂ ಎಡೆಯಿರಬೇಕು. ಮಡ್‌ಗಾರ್ಡಿನ ಕಡ್ಡಿಗಳನ್ನು ಬಿಗಿಯಲು ಚೌಕಟ್ಟಿನಲ್ಲಿಯೇ ತೂತುಗಳುಳ್ಳ ಕಿವಿಗಳಿರಬೇಕು. ಉಕ್ಕಿನ ಚೌಕಟ್ಟಾದರೆ ಕೊಳವೆಗಳ ಒಳಮೈಗೆ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸುತ್ತಾರೆ. ತುಕ್ಕು ಹೊರಗಿನಿಂದಷ್ಟೇ ಅಲ್ಲ, ಒಳಗಿನಿಂದಲೂ ತಿನ್ನುತ್ತದೆ. ಒಳಗಿನದು ಕಣ್ಣಿಗೆ ಕಾಣದಿರುವುದರಿಂದ ಅಪಾಯವೂ ಹೆಚ್ಚು.

ಜೋಡಿಸುವಾಗ ಪ್ರತಿಯೊಂದು ಬೋಲ್ಟಿಗೂ, ಮುಖ್ಯವಾಗಿ ಸೀಟನ್ನು ಹೊತ್ತ ದಂಡಕ್ಕೂ, ಗ್ರೀಸು ಸವರಬೇಕು. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಮಿನ ದಂಡವಿದ್ದು ನಡುವೆ ಉಪ್ಪುನೀರು ಸೇರಿತೆಂದರೆ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಎರಡು ಬೇರೆ ಬೇರೆ ಲೋಹಗಳು, ನಡುವೆ ಒಂದು ದ್ರಾವಣ: ವಿಜ್ಞಾನದ ತರಗತಿಯಲ್ಲಿ ನೀವು ಮಾಡಿದ ಪ್ರಯೋಗವೇ ಇದು! ಅಲ್ಯೂಮಿನಿಯಮು ಸವೆದು ಬಿಳಿಯ ಪುಡಿಯಾಗುತ್ತದೆ. ಆ ಪುಡಿ ದಂಡವನ್ನು ಕೊಳವೆಗೆ ಕಚ್ಚಿಸಿಬಿಡುತ್ತದೆ. ಆಮೇಲೆ ಎಷ್ಟು ತಿರುಚಿದರೂ ದಂಡ ಹೊರಗೆ ಬರುವುದಿಲ್ಲ. ಒಂದು ಚಮಚದಷ್ಟು ಗ್ರೀಸು ತಪ್ಪಿಸಬಹುದಾದ ನಷ್ಟಕ್ಕೆ ಇಡೀ ಚೌಕಟ್ಟೇ ಬಲಿಯಾಗಬಹುದು.

ಎರಡನೆಯದು ಮಡ್‌ಗಾರ್ಡು. ಮುಂಚಕ್ರ ಎರಚುವ ಕೆಸರು ಸವಾರನ ಪಾದಗಳಿಗೂ ಪೆಡಲಿನ ಅಚ್ಚಿನ ಬೇರಿಂಗಿಗೂ ನೇರವಾಗಿ ಬಡಿಯುತ್ತದೆ. ಹಿಂಚಕ್ರದ್ದು ಅವನ ಬೆನ್ನಿಗೆ ಬಡಿಯುತ್ತದೆ. ಅಷ್ಟಕ್ಕೇ ನಿಲ್ಲದೆ ಹಿಂದೆ ಬರುವವನ ಮುಖಕ್ಕೂ ಎರಚುತ್ತದೆ. ಆದುದರಿಂದ ಗುಂಪಿನಲ್ಲಿ ಸವಾರಿ ಮಾಡುವ ಇಂಗ್ಲೆಂಡಿನ ಸೈಕಲ್ ಪ್ರಿಯರು ಹಿಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಪಟ್ಟಿಯನ್ನು ನೆಲದ ಸಮೀಪದವರೆಗೆ ಇಳಿಬಿಡುತ್ತಾರೆ. ಅದರಿಂದ ಸ್ವಂತಕ್ಕೆ ಏನೂ ಲಾಭವಿಲ್ಲ, ಲಾಭವೆಲ್ಲ ಹಿಂದಿನವನದು. ಕಟ್ಟುವಾಗಲೇ ಹಿಂದಿನವನನ್ನು ನೆನೆಯುವ ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದುದು.

ಮೂರನೆಯದು ಟಯರು. ಗಾಳಿ ತುಂಬಿದ ಟಯರನ್ನು ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ೧೮೮೮ರಲ್ಲಿ ಬಳಕೆಗೆ ತಂದನು. ಅದರಲ್ಲಿ ಗಾಳಿ ಎಷ್ಟಿರಬೇಕೆಂಬುದಕ್ಕೆ ಒಂದು ಸುಲಭವಾದ ಲೆಕ್ಕವಿದೆ. ಹಿಂಚಕ್ರದ ಮೇಲೆ ೪೮ ಕಿಲೋಗ್ರಾಂ ಭಾರ ಬೀಳುತ್ತದೆನ್ನೋಣ. ಟಯರಿನಲ್ಲಿ ಚದರ ಸೆಂಟಿಮೀಟರಿಗೆ ೬ ಕಿಲೋಗ್ರಾಮಿನ ಒತ್ತಡವಿದ್ದರೆ ಅದು ನೆಲವನ್ನು ಸುಮಾರು ೮ ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಮುಟ್ಟುತ್ತದೆ. ಒತ್ತಡವನ್ನು ೪ಕ್ಕೆ ಇಳಿಸಿದರೆ ೧೨ ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಮುಟ್ಟುತ್ತದೆ. ಮೃದುವಾದ ಟಯರು ನೆಲದ ಉಬ್ಬುತಗ್ಗುಗಳಿಗೆ ಒಗ್ಗಿಕೊಂಡು ಕುಪ್ಪಳಿಸದೆ ಉರುಳುತ್ತದೆ. ಆದರೆ ಸಪೂರವಾದ ಟಯರಿನಲ್ಲಿ ಗಾಳಿ ಇಳಿಸಿದರೆ ರಿಮ್ಮು ಕಲ್ಲಿಗೆ ತಾಗಿ ಟ್ಯೂಬು ಹರಿಯುತ್ತದೆ. ಆದುದರಿಂದ ೨೩ ಮಿಲಿಮೀಟರಿನ ಬದಲು ೨೮ ಅಥವಾ ೩೨ ಮಿಲಿಮೀಟರಿನ ಟಯರನ್ನು ಹಾಕುತ್ತಾರೆ. ಒಳಗೆ ಪಂಕ್ಚರು ತಡೆಯುವ ಗಟ್ಟಿ ಪದರವಿರುವುದನ್ನೇ ಆರಿಸುತ್ತಾರೆ. ಒದ್ದೆಯಾದ ರಬ್ಬರನ್ನು ಗಾಜಿನ ಚೂರು ಸುಲಭವಾಗಿ ಕೊಯ್ಯುವುದೇ ಇದಕ್ಕೆ ಕಾರಣ. ಆದರೆ ಹೆಪ್ಪುಗಟ್ಟಿದ ನೀರಿನ ಮೇಲೆ ಇದಾವುದೂ ನಿಲ್ಲದು. ಫಿನ್ಲೆಂಡಿನಂಥ ದೇಶಗಳಲ್ಲಿ ಸಣ್ಣ ಲೋಹದ ಮೊಳೆಗಳನ್ನು ಕೂರಿಸಿದ ಟಯರುಗಳನ್ನು ಬಳಸುತ್ತಾರೆ. ಅದಿಲ್ಲದವನು ಅಂದು ನಡೆದುಹೋಗುವುದೇ ವಿವೇಕ.

ನಾಲ್ಕನೆಯದು ಗಿಯರು. ಬಿಡಿಭಾಗಗಳು ಹೆಚ್ಚಿದಷ್ಟೂ ಕೆಸರಿಗೆ ಮನೆಗಳು ಹೆಚ್ಚು. ಹಿಂದಿನ ತಲೆಮಾರಿನ ಇಂಗ್ಲಿಷ್ ಸವಾರರಲ್ಲಿ ಅನೇಕರು ಚಳಿಗಾಲಕ್ಕೆ ಒಂದೇ ಗಿಯರನ್ನು, ಅದೂ ಫ್ರೀವೀಲಿಲ್ಲದೆ, ಇಟ್ಟುಕೊಳ್ಳುತ್ತಿದ್ದರು. ಈಗಲೂ ಕೆಲವರು ಇಟ್ಟುಕೊಳ್ಳುತ್ತಾರೆ. ಮುಂದೆ ೪೪ ಹಲ್ಲು, ಹಿಂದೆ ೧೮ ಹಲ್ಲು, ಚಕ್ರದ ವ್ಯಾಸ ೨೭ ಅಂಗುಲ ಎಂದಿಟ್ಟುಕೊಳ್ಳಿರಿ. ೪೪ನ್ನು ೧೮ರಿಂದ ಭಾಗಿಸಿ ೨೭ರಿಂದ ಗುಣಿಸಿದರೆ ಸರಿಯಾಗಿ ೬೬ ಬರುತ್ತದೆ. ಎಂದರೆ, ಪೆಡಲಿನ ಒಂದು ಸುತ್ತಿಗೆ ೬೬ ಅಂಗುಲ ವ್ಯಾಸದ ದೊಡ್ಡ ಚಕ್ರವೊಂದು ಒಂದು ಸುತ್ತು ಉರುಳಿದಷ್ಟು ದೂರ, ಸುಮಾರು ಐದೂಕಾಲು ಮೀಟರು, ಬೈಸಿಕಲ್ಲು ಮುಂದೆ ಸಾಗುತ್ತದೆ. ಏರಿಗೂ ಇಳಿಜಾರಿಗೂ ಹೆಚ್ಚುಕಡಿಮೆ ಸಲ್ಲುವ ಮಧ್ಯಮ ಗಿಯರಿದು.

ಐದನೆಯದಾದ ಬ್ರೇಕು ಎಲ್ಲಕ್ಕಿಂತ ಮುಖ್ಯವಾದುದು. ರಿಮ್ಮಿಗೆ ರಬ್ಬರು ಒತ್ತುವ ಬ್ರೇಕಾದರೆ, ಒದ್ದೆಯಾದಾಗ ಮೊದಲು ನೀರಿನ ಪೊರೆಯನ್ನು ಒರೆಸಬೇಕು, ಆಮೇಲೆಯೇ ಹಿಡಿತ. ಗಂಟೆಗೆ ೧೮ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ೫ ಮೀಟರು. ಅಡ್ಡಿಯನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ಕಳೆಯಿತೆನ್ನೋಣ: ೫ ಮೀಟರು. ನೀರು ಒರೆಸಲು ಚಕ್ರ ಎರಡು ಸುತ್ತು ತಿರುಗಿತೆನ್ನೋಣ: ಇನ್ನೂ ೪ ಮೀಟರಿಗಿಂತ ಹೆಚ್ಚು. ಹಿಡಿತ ಆರಂಭವಾಗುವ ಮೊದಲೇ ೯ ಮೀಟರು ಕಳೆದುಹೋಯಿತು! ಕ್ರೋಮಿಯಮಿನ ಲೇಪವಿರುವ ಉಕ್ಕಿನ ರಿಮ್ಮು ಒದ್ದೆಯಾದರೆ ಹಿಡಿತ ತೀರ ಕ್ಷೀಣಿಸುತ್ತದೆ. ಅಲ್ಯೂಮಿನಿಯಮಿನದು ಎಷ್ಟೋ ಮೇಲು. ಈಚಿನ ಬೈಸಿಕಲ್ಲುಗಳಲ್ಲಿ ಚಕ್ರದ ಗುಂಬದ ಬಳಿ ಬಿಲ್ಲೆಯಂಥ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಬಂದಿದೆ. ಅದು ಕೆಸರಿನಿಂದ ದೂರವಿರುವುದರಿಂದ ಮಳೆಯಲ್ಲಿಯೂ ನಂಬಿಕೆಗೆ ಅರ್ಹವಾದುದು, ರಿಮ್ಮೂ ಸವೆಯುವುದಿಲ್ಲ.

ಕೊನೆಯದು ದೀಪ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮುಂದೆ ಬಿಳಿಯ ದೀಪವೂ ಹಿಂದೆ ಕೆಂಪು ದೀಪವೂ ಇರಬೇಕೆಂಬುದು ಬ್ರಿಟನ್ನಿನ ಕಾಯಿದೆ. ನಮಗೆ ದಾರಿ ಕಾಣಲೆಂದು ಮಾತ್ರ ದೀಪವಲ್ಲ. ನಾವು ಇತರರಿಗೆ ಕಾಣಬೇಕೆಂದೂ ದೀಪ.

ಚಳಿಯಲ್ಲಿ ಕೈಬೆರಳುಗಳು ಮರಗಟ್ಟುತ್ತವೆಂಬುದನ್ನೂ ಕಟ್ಟುವವನು ಮರೆಯಕೂಡದು. ಈ ಕುರಿತು ಒಂದು ಪ್ರಸಂಗವನ್ನು ಹೇಳುವುದುಂಟು. ೧೯೨೭ರ ನವೆಂಬರಿನಲ್ಲಿ ಇಟಲಿಯ ಒಂದು ಸ್ಪರ್ಧೆಯಲ್ಲಿ ತುಲ್ಲಿಯೊ ಕಂಪಾನ್ಯೋಲೊ ಎಂಬ ಸವಾರನು ಹಿಮ ಬಿದ್ದ ಕಣಿವೆಯನ್ನು ಏರುತ್ತಿದ್ದಾಗ ಗಿಯರು ಬದಲಿಸಲು ಹಿಂಚಕ್ರವನ್ನು ಬಿಚ್ಚಬೇಕಾಯಿತಂತೆ. ಮರಗಟ್ಟಿದ ಬೆರಳುಗಳಿಂದ ನಟ್ಟನ್ನು ಸಡಿಲಿಸಲಾರದೆ ಅವನು ಸ್ಪರ್ಧೆಯಲ್ಲಿ ಹಿಂದುಳಿದನಂತೆ. ಒಂದು ಸನ್ನೆಯನ್ನು ತಿರುವಿದ ಮಾತ್ರಕ್ಕೆ ಚಕ್ರ ಬಿಚ್ಚಿಬರುವ ಉಪಾಯ ಅವನಿಗೆ ಹೊಳೆದುದು ಆ ಕಷ್ಟದಿಂದಲೇ ಎಂದು ಹೇಳುತ್ತಾರೆ. ೧೯೩೩ರಲ್ಲಿ ಅವನು ವಿಚೆಂಜಾ ನಗರದಲ್ಲಿ ಸ್ಥಾಪಿಸಿದ ಕಾರ್ಖಾನೆ ಮುಂದೆ ಲೋಕಪ್ರಸಿದ್ಧವಾಯಿತು.

ಕಾಪಾಡುವ ಬಗೆ

ಕಟ್ಟುವುದು ಒಂದು ದಿನದ ಕೆಲಸ. ಕಾಪಾಡುವುದು ಪ್ರತಿದಿನದ ಕೆಲಸ. ಸವಾರಿಯಿಂದ ಮರಳಿದೊಡನೆ, ಉಪ್ಪು ಒಣಗುವ ಮೊದಲೇ, ಒಂದು ಬಕೆಟ್ಟು ನೀರು ಹಾಗೂ ಮೆತ್ತನೆಯ ಬ್ರಶ್ಶಿನಿಂದ ಬೈಸಿಕಲ್ಲನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ರಭಸದ ನೀರನ್ನು ಚಕ್ರದ ಗುಂಬಕ್ಕೆ ಹಿಡಿಯಬಾರದು. ಅದು ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನು ಕೊಚ್ಚಿಹಾಕುತ್ತದೆ. ತೊಳೆದ ಮೇಲೆ ಹಳೆಯ ಬಟ್ಟೆಯಿಂದ ಒರೆಸಬೇಕು.

ಇನ್ನು ಚೈನು. ಇಂದಿನ ಬೈಸಿಕಲ್ ಚೈನಿನ ಮೂಲರೂಪವನ್ನು ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನೋಲ್ಡನು ೧೮೮೦ರಲ್ಲಿ ರೂಪಿಸಿದನು. ಅದರ ಒಂದೊಂದು ಕೀಲಿನಲ್ಲಿಯೂ ಒಂದು ಉರುಳೆ ತಿರುಗುತ್ತದೆ. ಎಣ್ಣೆ ಬೇಕಾದುದು ಆ ಉರುಳೆಯ ಒಳಗೆ, ಹೊರಗಲ್ಲ. ಚೈನನ್ನು ಒರೆಸಿ, ಒಂದೊಂದು ಉರುಳೆಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲು ಕೊಂಚ ಹೊತ್ತು ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಬೇಕು. ಹೊರಗಿನ ಎಣ್ಣೆಗೆ ಮರಳು ಅಂಟಿದರೆ ಅದು ಸಾಣೆಯ ಹಿಟ್ಟಿನಂತಾಗಿ ಹಲ್ಲುಗಳನ್ನು ತೇಯುತ್ತದೆ. ಎಣ್ಣೆ ಸುರಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ.

ಚೈನು ಸವೆದಿದೆಯೇ ಎಂದು ತಿಳಿಯಲು ನಿಮ್ಮ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿ ಸಾಲದು. ೧೨ ಅಂಗುಲದ ಅಡಿಪಟ್ಟಿ ಬೇಕು. ಕೀಲಿನಿಂದ ಕೀಲಿಗೆ ಅರ್ಧ ಅಂಗುಲ. ಆದುದರಿಂದ ೨೪ ಅಂತರಗಳು ಸೇರಿ ಹೊಸ ಚೈನಿನಲ್ಲಿ ಸರಿಯಾಗಿ ೧೨ ಅಂಗುಲ. ಒಂದು ಕೀಲಿನ ನಡುವಿಗೆ ಪಟ್ಟಿಯ ಸೊನ್ನೆಯನ್ನು ಹಿಡಿದಾಗ ಇಪ್ಪತ್ತನಾಲ್ಕನೆಯ ಅಂತರದ ಕೀಲು ೧೨ನ್ನು ದಾಟಿ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಮುಂದಿದ್ದರೆ ಚೈನನ್ನು ಬದಲಿಸಬೇಕು. ಎಂಟನೆಯ ಒಂದು ಭಾಗದಷ್ಟಾಗುವವರೆಗೆ ಸುಮ್ಮನಿದ್ದರೆ ಹಲ್ಲುಚಕ್ರಗಳೂ ಸವೆದು, ಅವನ್ನೂ ಬದಲಿಸಬೇಕಾಗುವ ಸಂಭವವೇ ಹೆಚ್ಚು.

ವಾರಕ್ಕೊಮ್ಮೆ ಬ್ರೇಕಿನ ರಬ್ಬರನ್ನು ಬಗ್ಗಿ ನೋಡಬೇಕು. ಅದರಲ್ಲಿ ಕಚ್ಚಿಕೊಂಡ ಮರಳನ್ನೂ ಲೋಹದ ಚೂರುಗಳನ್ನೂ ಸೂಜಿಯಿಂದ ಕೀಳಬೇಕು. ಸವೆತದ ಗೆರೆ ಮುಟ್ಟಿದ್ದರೆ ರಬ್ಬರನ್ನು ಬದಲಿಸಬೇಕು. ರಿಮ್ಮಿನ ಪಕ್ಕಕ್ಕೆ ಅಡಿಪಟ್ಟಿಯ ಅಂಚನ್ನು ಹಿಡಿದು ಅದು ಒಳಕ್ಕೆ ಗುಳಿಬಿದ್ದಿದೆಯೇ ಎಂದು ನೋಡಬೇಕು; ಬಹಳ ತೆಳುವಾದ ರಿಮ್ಮು ಓಡುತ್ತಿರುವಾಗಲೇ ಒಡೆಯಬಹುದು. ಟಯರಿಗೆ ನೆಟ್ಟ ಗಾಜಿನ ಚೂರನ್ನು, ಅದು ಟ್ಯೂಬನ್ನು ಮುಟ್ಟುವ ಮೊದಲೇ, ತೆಗೆಯಬೇಕು. ತಿಂಗಳಿಗೊಮ್ಮೆ ಸೀಟಿನ ದಂಡವನ್ನು ಹೊರಗೆಳೆದು ಹೊಸ ಗ್ರೀಸು ಸವರಬೇಕು. ಬ್ರೇಕಿನ ತಂತಿ ಎಲ್ಲಿಯಾದರೂ ಎಳೆ ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಚಳಿಗಾಲ ಮುಗಿದಾಗ ಬಿಡಿ ಗುಂಡುಗಳ ಬೇರಿಂಗುಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಜೋಡಿಸಬೇಕು.

ಇದು ನಮಗೇಕೆ?

ಈಗ ನನ್ನ ಮಾತನ್ನು ಸಲ್ಲಿಸುವ ಹೊತ್ತು ಬಂದಿತು. ಇಂಗ್ಲೆಂಡಿನ ಚಳಿಗಾಲವೆಂದರೆ ಬೈಸಿಕಲ್ಲಿನ ಮಟ್ಟಿಗೆ ನೀರು, ಉಪ್ಪು, ಕೆಸರು, ಮಬ್ಬು, ಅಷ್ಟೆ. ಇವುಗಳಲ್ಲಿ ನಮಗೆ ಯಾವುದು ಹೊಸದು? ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮುಂಬಯಿಯಲ್ಲಿ ನೀರಿಗೆ ಬರವಿಲ್ಲ. ಉಪ್ಪನ್ನು ಯಾರೂ ಎರಚಬೇಕಾಗಿಲ್ಲ. ಅರಬ್ಬೀ ಸಮುದ್ರದ ಗಾಳಿಯೇ ಹೊತ್ತು ತಂದು ಚಾಳಿನ ಮೊಗಸಾಲೆಯಲ್ಲಿ ನಿಂತ ಬೈಸಿಕಲ್ಲಿಗೂ ಸವರುತ್ತದೆ. ಅವರ ಜನವರಿಯೇ ನಮ್ಮ ಜುಲೈ.

ನನ್ನ ತಾರುಣ್ಯದ ಒಂದು ಸಂಗತಿಯನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಆಗ ನಾನು ವಡಾಳಾದಿಂದ ಮಾಟುಂಗಾಕ್ಕೆ ಉಕ್ಕಿನ ರಿಮ್ಮಿನ ಹಳೆಯ ಬೈಸಿಕಲ್ಲಿನ ಮೇಲೆ ಹೋಗಿಬರುತ್ತಿದ್ದೆ. ಬ್ರೇಕಿನ ರಬ್ಬರು ಸವೆದುದನ್ನು ಕಂಡಿದ್ದೆ. ಭಾನುವಾರ ಬದಲಿಸೋಣವೆಂದುಕೊಂಡೆ, ಆ ಭಾನುವಾರ ಕಳೆಯಿತು. ಮರುವಾರವೇ ಮೊದಲ ಮಳೆ ಸುರಿಯಿತು. ತಿರುವಿನಲ್ಲಿ ಬಾಳೆಹಣ್ಣು ಮಾರುವ ವೃದ್ಧೆಯೊಬ್ಬಳು ಬುಟ್ಟಿಯನ್ನು ಎತ್ತಿಕೊಳ್ಳುತ್ತಿದ್ದಳು. ಬ್ರೇಕು ಒತ್ತಿದೆ, ಬೈಸಿಕಲ್ಲು ನಿಲ್ಲಲಿಲ್ಲ. ಬುಟ್ಟಿ ಉರುಳಿತು, ಹಣ್ಣು ಚೆಲ್ಲಿತು, ಆ ತಾಯಿ ಕೈ ಊರಿ ಬಿದ್ದಳು. ಮಣಿಕಟ್ಟು ಬಾತುಕೊಂಡಿತು. ಅವಳು ಬೈಯಲಿಲ್ಲ. "ಬಾಳಾ, ಬ್ರೇಕ್ ನಾಹೀ ಕಾ?" ಎಂದಷ್ಟೇ ಕೇಳಿದಳು. ಬ್ರೇಕು ಇಲ್ಲವೇ ಮಗು, ಎಂದು. ಇತ್ತು, ಆದರೆ ಇದ್ದೂ ಇರಲಿಲ್ಲ. ತಪ್ಪು ಮಳೆಯದಲ್ಲ, ಬೈಸಿಕಲ್ಲಿನದೂ ಅಲ್ಲ. ಕಳೆದುಹೋದ ಆ ಭಾನುವಾರದ್ದು.

ಆದುದರಿಂದ ಬರುವ ಮೇ ತಿಂಗಳಲ್ಲಿ, ಶಾಲೆಗೆ ರಜವಿರುವಾಗ, ಒಂದು ಬೆಳಗನ್ನು ನಿಮ್ಮ ಬೈಸಿಕಲ್ಲಿಗಾಗಿ ಮೀಸಲಿಡಿರಿ. ಬ್ರೇಕಿನ ರಬ್ಬರನ್ನು ನೋಡಿರಿ, ತಂತಿಯನ್ನು ಎಳೆದು ನೋಡಿರಿ, ಚೈನನ್ನು ಅಳೆಯಿರಿ, ಸೀಟಿನ ದಂಡಕ್ಕೆ ಗ್ರೀಸು ಸವರಿರಿ, ಹಿಂದಿನ ಮಡ್‌ಗಾರ್ಡಿಗೆ ಹಳೆಯ ರಬ್ಬರಿನ ಒಂದು ಪಟ್ಟಿಯನ್ನು ಕಟ್ಟಿರಿ, ಕೆಂಪು ದೀಪ ಉರಿಯುತ್ತದೆಯೇ ಎಂದು ಪರೀಕ್ಷಿಸಿರಿ. ನಿಮಗೆ ತಿಳಿಯದುದನ್ನು ಬೀದಿಯ ಸೈಕಲ್ ದುರಸ್ತಿಯವನನ್ನು ವಿನಯದಿಂದ ಕೇಳಿರಿ. ಅವನಿಗೆ ತಿಳಿದಿರುವುದು ಈ ಪುಟಗಳಲ್ಲಿರುವುದಕ್ಕಿಂತ ಹೆಚ್ಚು. ಮಳೆಗಾಲ ಬಂದ ಮೇಲೆ ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯ ಶ್ರಮ ಬೈಸಿಕಲ್ಲಿನ ಆಯುಷ್ಯವನ್ನು ಬೆಳೆಸುತ್ತದೆ. ಬೀದಿಯ ತಿರುವಿನಲ್ಲಿ ನಿಂತಿರುವ, ನಿಮಗೆ ಹೆಸರು ತಿಳಿಯದ ಯಾರನ್ನೋ ಕಾಪಾಡುತ್ತದೆ.